ಎರೆಭೂತದ ತತ್ತಿ ಮತ್ತು ನನ್ನ ನೇರ ಸಾಲು

ಖಾಲಿ ಜಾಗ ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ಇದು ಮನೆತನದ ಜಡ್ಡು. ಸೊಲ್ಲಾಪುರದಲ್ಲಿ ನಮ್ಮಪ್ಪನದು ಚಾದರದ ಅಂಗಡಿ. ಕಪಾಟಿನಲ್ಲಿ ಒಂದು ಗೇಣು ಬರಿದಾಗಿ ಕಂಡರೂ ಅವರಿಗೆ ಊಟ ಸೇರುತ್ತಿರಲಿಲ್ಲ. "ಗಿರಾಕಿ ಏನಂದಾರು?" ಎಂದು ಹಳೆಯ ರಟ್ಟಿನ ಡಬ್ಬಿಗಳನ್ನಾದರೂ ತಂದು ಜೋಡಿಸುತ್ತಿದ್ದರು. ಅಂಥವರ ಮಗ ಗಿಡ ನೆಡಿಸುವ ಸರಕಾರಿ ನೌಕರಿ ಹಿಡಿದರೆ ಏನಾಗಬೇಕೋ ಅದೇ ಆಯಿತು.

ಎಪ್ಪತ್ತರ ದಶಕದ ಆ ದೊಡ್ಡ ಬರ ಮುಗಿದು ಮಳೆ ಮತ್ತೆ ಹಿಡಿದಿತ್ತು. ಕಂಡಕಂಡಲ್ಲಿ ಗಿಡ ಹಚ್ಚಿರೆಂದು ಮೇಲಿನವರ ಹುಕುಂ. ಅಕ್ಕಲಕೋಟ ತಾಲೂಕಿನಲ್ಲಿ, ಕುರನೂರಿನ ಆಚೆಯ ಹುಲ್ಲುಮಾಳ ನನ್ನ ಪಾಲಿಗೆ ಬಂತು. ಕಣ್ಣು ಹರಿದಷ್ಟು ದೂರ ಹುಲ್ಲೇ ಹುಲ್ಲು, ನೆರಳಿಗೊಂದು ಗಿಡವಿಲ್ಲ. ಎಷ್ಟೊಂದು ಜಾಗ ಹಾಳು ಬಿದ್ದಿದೆಯಲ್ಲ ಎಂದು ಮರುಗಿದೆ. ಅರಿವೆ ಅಳೆದ ವಂಶ ನಮ್ಮದು. ನಾನು ಹಗ್ಗ ಕಟ್ಟಿ ಕೂಲಿಯವರಿಂದ ಗಿಡದ ಕುಣಿ ತೋಡಿಸಿದರೆ ಸಾಲು ಒಂದು ಬೆರಳೂ ಸೊಟ್ಟಗಾಗುವಂತಿಲ್ಲ. ಮರುದಿನ ನಮ್ಮ ಸಾಹೇಬರು ಬಂದು ಮೊದಲ ಬೇವಿನ ಸಸಿ ನೆಡುವವರಿದ್ದರು.

ಅಷ್ಟರಲ್ಲಿ ಕುರಿ ಕಾಯುವ ಬೀರಪ್ಪ ಬಂದು ನನ್ನ ಹಗ್ಗದ ಮೇಲೆಯೇ ಕುಕ್ಕರಗಾಲಿನಲ್ಲಿ ಕೂತ.

"ಏಳಪಾ, ಕೆಲಸ ನಡದೈತಿ," ಎಂದೆ.

"ಏಳಂಗಿಲ್ರಿ ರಾವಸಾಹೇಬ್ರ. ಕಾಲಬುಡಕ ನೋಡ್ರಿ, ತತ್ತಿ ಐತಿ."

ಎರಡು ಸಲ ನೋಡಿದ ಮೇಲೆ ಕಂಡಿತು. ಮಣ್ಣಿನದೇ ಬಣ್ಣ, ಮೇಲೆ ಕಂದು ಮಚ್ಚೆ. ಗೂಡಿಲ್ಲ, ಕಡ್ಡಿಯಿಲ್ಲ, ಬರಿನೆಲದ ಮೇಲೆ ಒಂದೇ ಒಂದು. ಇನ್ನರ್ಧ ಹೆಜ್ಜೆ ಇಟ್ಟಿದ್ದರೆ ನನ್ನ ಬೂಟಿನ ಕೆಳಗಿರುತ್ತಿತ್ತು.

"ಎರೆಭೂತ ಅನ್ನೂ ಹಕ್ಕೀದ್ರಿ ಇದು. ಮರಾಠಿಯೊಳಗ ಮಾಳಢೋಕ ಅಂತಾರಲ್ಲ, ಅದು. ಒಂದ ತತ್ತಿ ಇಡತೈತಿ, ಅಷ್ಟ."

ನಾನು ಕರ್ಣನಾದೆ. "ಇದೊಂದು ಕುಣಿ ಬಿಟ್ಟಬಿಡೂಣು ತಗೋ!"

ಬೀರಪ್ಪ ಹೊಟ್ಟೆ ಹಿಡಿದು ನಕ್ಕ. "ಗಿಡದ ಸಂದ್ಯಾಗ ಅದು ನಿಲ್ಲಂಗಿಲ್ರಿ. ನಾಕೂ ದಿಕ್ಕು ಕಾಣಬೇಕು ಅದಕ್ಕ. ಮಾಳ ತುಂಬ ಗಿಡ ಹಚ್ಚಿದ್ರ ಮುಂದಿನ ವರ್ಷ ತತ್ತೀನೂ ಇಲ್ಲ, ಹಕ್ಕೀನೂ ಇಲ್ಲ. ಬರ್ರಿ, ತೋರಸ್ತೀನಿ."

ಕೂಲಿಯವರನ್ನು ಕಳಿಸಿ ದೂರದಲ್ಲಿ ಅವನ ಕಂಬಳಿಯೊಳಗೆ ಬೋರಲು ಮಲಗಿದೆವು. ಕುರಿವಾಸನೆಗೆ ಸೀನು ತಡೆದು ತಡೆದು ಮೂಗು ಕೆಂಪಾಯಿತು. ಆಮೇಲೆ ಹಕ್ಕಿ ಬಂತು. ಅದನ್ನು ಹಕ್ಕಿ ಎನ್ನಲು ಬಾಯಿ ಬರಲಿಲ್ಲ! ಸೊಂಟದೆತ್ತರ, ನೀಳ ಕತ್ತು, ತಲೆಗೆ ಕರಿ ಟೊಪ್ಪಿಗೆ. ಒಂದೊಂದು ಹೆಜ್ಜೆಗೂ ನಿಂತು, ನೋಡಿ, ನಮ್ಮನ್ನೆಲ್ಲ ಮನ್ನಿಸಿದಂತೆ ಮುಂದೆ ಬಂತು. ತತ್ತಿಯ ಮೇಲೆ ಕೂತದ್ದೇ ಹುಲ್ಲಿನಲ್ಲಿ ಕಾಣದಾಯಿತು. ಇಷ್ಟು ದೊಡ್ಡ ಜೀವವೊಂದು ನಾನು ಖಾಲಿ ಎಂದುಕೊಂಡ ಜಾಗದಲ್ಲಿ ಸಂಸಾರ ಹೂಡಿತ್ತು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯೂ ಆಯಿತು.

ಮರುದಿನ ಸಾಹೇಬರು ಸಸಿ ನೆಡಲು ಜೀಪಿನಿಂದಿಳಿದರು. ನೌಕರಿ ಹೋದರೂ ಹೋಗಬಹುದಿತ್ತು. ಮಾತಾಡಿ ಒಪ್ಪಿಸುವ ಧೈರ್ಯ ಸಾಲದೆ, ಇಸ್ತ್ರಿ ಮಾಡಿದ ಪ್ಯಾಂಟಿನ ಸಮೇತ ಅವರನ್ನೂ ಕಂಬಳಿಯೊಳಗೆ ಮಲಗಿಸಿದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ "ಅರೇ ಬಾಪರೇ!" ಎಂಬ ಪಿಸುಮಾತು ಕೇಳಿತು. ನಾನು ಉಸಿರುಬಿಟ್ಟೆ.

ಆ ಮಧ್ಯಾಹ್ನ ಕುರಿಗಾರರು, ಊರ ಹಿರಿಯರು, ಸಾಹೇಬರು ಒಂದೇ ಕಂಬಳಿಯ ಮೇಲೆ ಕೂತು ಒಪ್ಪಂದ ಮಾಡಿಕೊಂಡರು. ಮರಿ ಓಡಾಡುವವರೆಗೆ ಕುರಿಗಳು ಆಚೆಯ ಇಳಿಜಾರಿಗೆ; ಊರವರು ಈ ಕಡೆ ಹುಲ್ಲು ಕೊಯ್ಯಬಾರದು; ನಾವು ಮಾಳದಲ್ಲಿ ಎಂದೂ ಗಿಡ ಹಚ್ಚಬಾರದು. ಬೇವಿನ ಸಸಿಗಳು ಕುರನೂರಿನ ಸಾಲೆಯ ಅಂಗಳ ಸೇರಿದವು. ನನ್ನ ಪಾಲಿನ ಕೆಲಸ ತೋಡಿದ ಕುಣಿ ಮುಚ್ಚಿ, ದಿನವೂ ದೂರ ಕೂತು ನೋಡುವುದು. ಕೊನೆಗೊಂದು ಬೆಳಿಗ್ಗೆ ತಾಯಿಯ ಹಿಂದೆ ಮರಿ ಹೆಜ್ಜೆಯಿಡುವುದನ್ನು ಕಂಡಾಗ ಬೀರಪ್ಪನೂ ನಾನೂ ಕೈ ಮುಗಿದೆವು.

ಹಿಗ್ಗಿನಿಂದ ಮನೆಗೆ ಹೋಗಿ, "ಏನೂ ಮಾಡದ ಸುಮ್ಮ ಕೂಡೂದ ಎಂಥಾ ದೊಡ್ಡ ಕೆಲಸ, ಗೊತ್ತೈತೇನ?" ಎಂದು ಹೆಂಡತಿಗೆ ಹೇಳಿದೆ.

ಅವಳು ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ. "ಆ ಕೆಲಸ ಮನ್ಯಾಗೂ ಲಗ್ನಾದಾಗಿಂದ ಮಾಡಾಕತ್ತೀರಿ. ಇಲ್ಲಿ ಒಂದು ಗುಬ್ಬೀನೂ ತತ್ತಿ ಇಟ್ಟಿಲ್ಲ ನೋಡ್ರಿ."