ಬಲಕ್ಕೇ ಹೋಗುವ ಚೆಂಡು

ತಪ್ಪು ತಿದ್ದಿಕೊಳ್ಳುವುದಕ್ಕಿಂತ, ತಪ್ಪನ್ನು ಮನ್ನಿಸುವ ಸಾಮಾನೊಂದನ್ನು ತಂದಿಟ್ಟುಕೊಳ್ಳುವುದು ಸುಲಭ ಎಂದು ನಂಬಿದವರಲ್ಲಿ ನಾನೂ ಒಬ್ಬ. ಯಸಳೂರಿನಾಚೆ ಗುಡ್ಡದ ಮೇಲೆ ನಮ್ಮ ಪ್ಲಾಂಟರುಗಳ ಕ್ಲಬ್ಬಿಗೆ ಒಂಬತ್ತು ಕುಳಿಗಳ ಪುಟ್ಟ ಗಾಲ್ಫ್ ಮೈದಾನವಿದೆ. ಹದಿನೈದು ವರ್ಷ ಆಡಿದರೂ ನಾನು ಹೊಡೆದ ಚೆಂಡು ನೆಟ್ಟಗೆ ಹೊರಟು, ಅರ್ಧ ದಾರಿಯಲ್ಲಿ ಏನೋ ಮರೆತು ಬಂದವರಂತೆ ಬಲಕ್ಕೆ ತಿರುಗಿ ಪಕ್ಕದ ಕಾಫಿ ತೋಟಕ್ಕೆ ಇಳಿದುಬಿಡುತ್ತಿತ್ತು. ಆ ತೋಟ ನನ್ನ ಜೊತೆಗಾರ ಚಂದ್ರಣ್ಣನದು. "ನಿಂಗೆ ಮನ್ನಿಸೋ ಡ್ರೈವರ್ ಬೇಕು ಮಾರಾಯ," ಎನ್ನುತ್ತಿದ್ದ. ಡ್ರೈವರ್ ಎಂದರೆ ಮೊದಲ ಹೊಡೆತದ ಉದ್ದನೆಯ ಕೋಲು. ಮನ್ನಿಸುವ ಜಾತಿಯದಕ್ಕೆ ತಲೆ ದಪ್ಪ, ಎಲ್ಲಿ ತಾಗಿದರೂ ಚೆಂಡು ಅಷ್ಟಾಗಿ ದಾರಿ ತಪ್ಪುವುದಿಲ್ಲ. ಇದನ್ನು ಮನೆಯಲ್ಲಿ ಹೇಳಿದರೆ ಹೆಂಡತಿ, "ವನಗೂರು ರಸ್ತೇಲಿ ನೀವು ಬೈಯೋದನ್ನ ಮನ್ನಿಸೋ ಡ್ರೈವರ್ ಎಲ್ಲಿ ಸಿಗ್ತಾನೆ?" ಎಂದು ಜೀಪಿನ ಕಡೆ ನೋಡಿದಳು.

ಕೊನೆಗೆ ಅಂಥದ್ದನ್ನು ಕೊಂಡವನು ಚಂದ್ರಣ್ಣನೇ. ಆದರೆ ನಾಲ್ಕು ತಿಂಗಳೂ ಆಡಲಿಲ್ಲ. ಕಾಯಿಲೆ ಬಿದ್ದು ತೀರಿಕೊಂಡ. ತಿಥಿ ಮುಗಿದ ಮೇಲೆ ಅವನ ಹೆಂಡತಿ ಲಲಿತಕ್ಕ ಕೋಲನ್ನು ನನ್ನ ಕೈಗಿಟ್ಟು, "ನಾಗಂಗೇ ಕೊಡು ಅಂದಿದ್ರು," ಎಂದರು.

ಅದರ ತಲೆಯಲ್ಲಿ ಎರಡು ತಿರುಪುಗಳು, ಒಂದು ಭಾರ, ಒಂದು ಹಗುರ. ಭಾರದ್ದನ್ನು ಹಿಡಿಕೆಯ ಕಡೆಗೆ ಹಾಕಿದರೆ ಚೆಂಡು ಎಡಕ್ಕೆ ವಾಲುತ್ತದೆ, ತುದಿಗೆ ಹಾಕಿದರೆ ಬಲಕ್ಕೆ. ಚಂದ್ರಣ್ಣ ತುದಿಗೆ ಹಾಕಿದ್ದ. ಅವನ ಚೆಂಡಿನ ರೋಗ ಎಡದ್ದು. ನಾನು ಪುಟ್ಟ ಕೀಲಿಯಿಂದ ಬಿಚ್ಚಿ ಅದಲುಬದಲು ಮಾಡಿ ಬಿಗಿದೆ. ಭಾನುವಾರ ಮೂರನೇ ಕುಳಿಗೆ ಹೊಡೆದೆ. ಚೆಂಡು ಎಂದಿಗಿಂತ ಜೋರಾಗಿ ಬಲಕ್ಕೆ ಹೋಯಿತು. ನೋಡಿದರೆ ಭಾರದ ತಿರುಪು ಮತ್ತೆ ತುದಿಯಲ್ಲಿತ್ತು.

ನನ್ನ ಮರೆವೇ ಇರಬೇಕೆಂದು ಮತ್ತೆ ಬದಲಿಸಿ, ಹೆಂಡತಿಯ ಉಗುರುಬಣ್ಣದ ಗುರುತು ಹಾಕಿ, ಬೀರುವಿನಲ್ಲಿಟ್ಟು ಬೀಗ ಜಡಿದೆ. ಮುಂದಿನ ಭಾನುವಾರ ಕೆಂಪು ಗುರುತು ತುದಿಯಲ್ಲೇ ಹೊಳೆಯುತ್ತಿತ್ತು. "ನೀನೇನಾದ್ರೂ ಮುಟ್ಟಿದ್ಯಾ?" ಎಂದು ಹೆಂಡತಿಯನ್ನು ಕೇಳಿದೆ. "ನಿಮ್ಮ ಅಂಗಿ ಗುಂಡಿ ಹಾಕೋಕೇ ನಂಗೆ ಪುರುಸೊತ್ತಿಲ್ಲ," ಎಂದಳು. ಹೀಗೇ ಐದು ಭಾನುವಾರ, ಐದು ಚೆಂಡು ಹೋದವು. ಎಲ್ಲದರ ಮೇಲೂ ನಾನು ಶಾಯಿಯಲ್ಲಿ 'ನಾ' ಎಂದು ಬರೆದಿರುತ್ತಿದ್ದೆ.

ಆರನೆಯ ಭಾನುವಾರ ಮಧ್ಯಾಹ್ನವೇ ಮಂಜು ಇಳಿದಿತ್ತು. ಚೆಂಡು ಬಲಕ್ಕೆ ಮಾಯವಾದಾಗ ಹಟ ಹಿಡಿದು ಬೇಲಿ ದಾಟಿ ಹುಡುಕಿಕೊಂಡು ಹೋದೆ. ತೋಟದಲ್ಲಿ ಹಕ್ಕಿಯ ಸದ್ದೂ ಇರಲಿಲ್ಲ. ಇಪ್ಪತ್ತು ಹೆಜ್ಜೆ ನಡೆದಿರಬೇಕು, ಮಂಜಿನೊಳಗಿಂದ ಚಂದ್ರಣ್ಣನ ಸಮಾಧಿ ಎದುರಾಯಿತು. ಅದರ ಕಟ್ಟೆಯ ಮೇಲೆ ಚೆಂಡುಗಳು ಸಾಲಾಗಿ ಕೂತಿದ್ದವು. ಎಣಿಸಿದೆ. ಆರು. ಕೊನೆಯದು ನಾನು ಆಗತಾನೆ ಹೊಡೆದದ್ದು, ಹಸಿ ಹುಲ್ಲು ಇನ್ನೂ ಅಂಟಿತ್ತು.

ಓಡಲೆಂದು ಬೇಲಿಯ ಕಡೆ ತಿರುಗಿದೆ. ಅಷ್ಟರಲ್ಲಿ ಕೆಳಗಿನ ಮನೆಯ ಕಡೆಯಿಂದ ಲಲಿತಕ್ಕ ಹೂವಿನ ಬುಟ್ಟಿ ಹಿಡಿದು ಹತ್ತಿ ಬಂದರು.

"ಇವತ್ತು ಕೈಗೆ ಸಿಕ್ರಿ ನೋಡಿ," ಎಂದರು. "ವಾರ ವಾರ ಒಂದೊಂದು ಚೆಂಡು ಇಟ್ಟು ಹೋಗ್ತೀರಲ್ಲ, ಮನೆಗ್ ಬಂದು ಒಂದ್ ಲೋಟ ಕಾಫಿ ಕುಡೀಬಾರ್ದಾ? ಅವರು ಕಾಯಿಲೆ ಬಿದ್ದು ಮಲಗಿದ್ದಾಗ, ನಾಗ ಭಾನುವಾರ ಬರ್ತೀನಿ ಅಂದವ್ನೆ ಅಂತ ಬಾಗಿಲ ಕಡೇನೇ ನೋಡ್ತಿದ್ರು. ನೀವು ಬರ್ಲಿಲ್ಲ ಅಂತ ನಂಗೂ ಸಿಟ್ಟಿತ್ತು ಕಣ್ರೀ. ಈಗಿಲ್ಲ."

ಹೌದು, ಒಂದೇ ಸಲ ಹೋಗಿ, ಬಾಗಿಲಲ್ಲೇ ನಿಂತು ಹಾಗೆಂದು ಬಂದಿದ್ದೆ. ಆಮೇಲಿನ ಭಾನುವಾರಗಳಲ್ಲಿ ಬೇಲಿಯ ಆಚೆ ಮೈದಾನದಲ್ಲಿ ಗಾಲ್ಫ್ ಆಡುತ್ತಿದ್ದೆ. ಅವನಿಗೆ ಮಂಚದಿಂದಲೇ ಹೊಡೆತದ ಸದ್ದು ಕೇಳಿಸಿರಬೇಕು. ಈ ಚೆಂಡುಗಳನ್ನು ಇಟ್ಟವನು ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು, "ಹೂಂ ಅಕ್ಕ, ಇನ್ಮೇಲೆ ಮನೆಗೂ ಬರ್ತೀನಿ."

ಆಮೇಲೆ ತಿರುಪುಗಳ ಗೊಡವೆಗೆ ನಾನು ಹೋಗಿಲ್ಲ. ಅಂಥ ಕೋಲಿದ್ದೂ ಚೆಂಡು ಬಲಕ್ಕೇ ಹೋಗುತ್ತದಲ್ಲ, ಇವನು ಸುಧಾರಿಸುವ ಗಿರಾಕಿಯಲ್ಲ ಎಂದು ಕ್ಲಬ್ಬಿನವರು ತೀರ್ಮಾನಿಸಿದ್ದಾರೆ. ಹೋದ ವಾರ ಏನಾಯಿತೋ, ಜೀವಮಾನದಲ್ಲೇ ಮೊದಲ ಸಲ ಚೆಂಡು ಗೆರೆ ಎಳೆದಂತೆ ನೆಟ್ಟಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಜೇಬಿನಿಂದ ಇನ್ನೊಂದು ಚೆಂಡು ತೆಗೆದು, ಕಳೆದುಹೋದದ್ದನ್ನು ಹುಡುಕುವವನ ಮುಖ ಮಾಡಿಕೊಂಡು ಬಲಕ್ಕೆ ನಡೆದೆ.