ಎರಡು ಗೀಟಿನ ಹಿಂದಿನ ಸಾಲುಗಳು

ಹುಣಸೂರಿನ ನಮ್ಮ ಪುಟ್ಟ ಆಫೀಸಿನಲ್ಲಿ ಸುತ್ತಲಿನ ಬೆಳೆಗಾರರ ಸಂಘಗಳಿಗೆ ಸದಸ್ಯರ ಪಟ್ಟಿಯ ಡೇಟಾಬೇಸ್ ಮಾಡಿಕೊಡುತ್ತೇವೆ. ಟೆಸ್ಟಿಗೆಂದು ಬರೆದ ಪ್ರೋಗ್ರಾಮಿನ ಸಾಲನ್ನು ಅಳಿಸದೆ, ಅದರ ಮುಂದೆ ಎರಡು ಗೀಟು ಹಾಕಿ ಬಿಟ್ಟುಬಿಡುವುದು ನಮ್ಮ ಚಾಳಿ. ಗೀಟು ಹಾಕಿದ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ. ಮನುಷ್ಯರು ಓದುತ್ತಾರೆ. ಓದಿದವರು ಆಮೇಲೆ ನಮ್ಮನ್ನು ನಂಬುವುದಿಲ್ಲ.

೧. ಕೆ.ಆರ್. ನಗರ

ಅಲ್ಲಿನ ಸಂಘದ ಕಾರ್ಯದರ್ಶಿ ನನ್ನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಇದ್ದಕ್ಕಿದ್ದಂತೆ ಪರದೆಯ ಮೇಲೆ ಬೆರಳಿಟ್ಟರು.

"ಡಿಲೀಟ್ ಮೆಂಬರ್ಸ್ ಅಂತೈತಲ್ಲ, ಏನ್ರೀ ಇದು? ಸಂಘದ ಎಲೆಕ್ಷನ್ ಹತ್ರ ಬಂದೈತೆ. ಯಾರ್ ಹೇಳಿ ಬರೆಸಿದ್ದು?"

"ಯಾರೂ ಇಲ್ಲ ಸರ್, ಹಳೇ ಟೆಸ್ಟು. ಮುಂದೆ ಗೀಟಿದೆ ನೋಡಿ, ಕಂಪ್ಯೂಟರ್ ಓದಲ್ಲ."

ಅವರು ಕುರ್ಚಿ ಇನ್ನೂ ಹತ್ತಿರ ಎಳೆದುಕೊಂಡರು. "ಕಂಪ್ಯೂಟರೇ ಓದಲ್ಲ ಅಂದ್ಮೇಲೆ ಯಾರ್ ಓದ್ಲಿ ಅಂತ ಬರ್ದಿದ್ದೀರಿ?"

೨. ಪಿರಿಯಾಪಟ್ಟಣ

ಇಲ್ಲಿ ಗೀಟಿನ ಹಿಂದೆ ಇದ್ದದ್ದು ಒಂದೇ ಮಾತು: 'ಕೆಳಗಿನದನ್ನು ಮುಟ್ಟಬೇಡಿ.'

"ಮುಟ್ಟಬೇಡಿ ಅಂದ್ರೆ ಏನೋ ಬಚ್ಚಿಟ್ಟವ್ರೆ ಅಂತ್ಲೇ ಕಣ್ರೀ," ಎಂದರು ಅಲ್ಲಿನ ಸಂಘದ ಗುಮಾಸ್ತೆ. ನನಗೂ ಹಾಗೇ ಅನ್ನಿಸಿತು. ಮೊದಲು ನಮ್ಮಲ್ಲಿದ್ದು, ಕೆಲಸ ಬಿಟ್ಟು ಗುರುಪುರದಲ್ಲಿ ಬೇಕರಿ ಇಟ್ಟವನ ಮೇಲೆ ಅನುಮಾನ. ಬೈಕ್ ಹತ್ತಿ ಹೋಗಿ, ಒಂದು ಪಫ್ಸ್ ತಿಂದು, ವಿಚಾರಣೆಗೆ ಇಳಿದೆ.

ಅವನು ಬನ್ ಜೋಡಿಸುತ್ತಲೇ ಹೇಳಿದ: "ಅದ್ನ ಬರ್ದೋರು ನೀವೇ ಕಣಣ್ಣ. ನಾನು ಸೇರ್ಕೊಂಡ್ ದಿನ ಯಾಕೆ ಅಂತ ಕೇಳ್ದೆ. ಅದನ್ನೂ ಕೇಳ್ಬೇಡ ಅಂದ್ರಿ."

೩. ಎಚ್.ಡಿ. ಕೋಟೆ

ನನ್ನ ಸಹೋದ್ಯೋಗಿಯ ಅತ್ತೆ ಕೋಟೆಯ ಸಂಘದ ಸದಸ್ಯೆ. ಸದಸ್ಯರು ತೀರಿಕೊಂಡರೆ ಮನೆಗೆ ಸಂತಾಪದ ಮೆಸೇಜ್ ಹೋಗುತ್ತದೋ ಇಲ್ಲವೋ ನೋಡಲು, ಅವನು ಅತ್ತೆಯ ಹೆಸರನ್ನೇ ಹಾಕಿ, ತೀರಿಕೊಂಡಿದ್ದಾರೆ ಎಂದು ಒಂದು ಸಾಲು ಬರೆದು, ಗೀಟು ಹಾಕಿಟ್ಟಿದ್ದ. ಒಂದು ದಿನ ಪಕ್ಕದ ಸಾಲು ತಿದ್ದುವಾಗ ಆ ಗೀಟು ಅಳಿಸಿಹೋಯಿತು. ಮೆಸೇಜ್ ಅತ್ತೆಯ ಫೋನಿಗೇ ಹೋಯಿತು. ಗೊಬ್ಬರ ತರಲು ಹೋದರೆ, "ಪಟ್ಟೀಲಿ ನೀವು ತೀರ್ಕೊಂಡಿದ್ದೀರಿ," ಎಂದು ಸಂಘದವರು ಬರಿಗೈಯಲ್ಲಿ ಕಳಿಸಿದರು.

ಮಾರನೇ ದಿನ ಮೊದಲ ಬಸ್ಸಿಗೇ ಆಕೆ ನಮ್ಮ ಆಫೀಸಿನಲ್ಲಿ ಹಾಜರು. ಅಳಿಯ ಎದ್ದು ನಿಂತು ಎಲ್ಲ ವಿವರಿಸಿದ. "ದ್ವೇಷಕ್ಕಲ್ಲ ಅತ್ತೆ, ಬರೀ ಟೆಸ್ಟಿಗೆ. ಯಾವುದೋ ಒಂದು ಹೆಸರು ಬೇಕಾಗಿತ್ತು."

ಅತ್ತೆ ಪೂರ್ತಿ ಕೇಳಿಸಿಕೊಂಡರು. ಸೆರಗಿನಿಂದ ಮುಖ ಒರೆಸಿಕೊಂಡು, ದನಿ ಏರಿಸದೆ ಕೇಳಿದರು:

"ಆಗ್ಲಿ ಬುಡಿ ಅಳಿಯಂದ್ರೆ. ಯಾವ್ದೋ ಒಂದು ಎಸ್ರು ಬೇಕು ಅಂದಾಗ, ನಿಮ್ಮವ್ವಂದು ಗ್ಯಾಪಕಕ್ಕೆ ಬರ್ನಿಲ್ವಾ?"