ಮೊರೊಕ್ಕೋದವರನ್ನು ನಾನು ಬೈದದ್ದು

ನಾನು ಬಾಯಿ ಬಿಟ್ಟು ಹೊಗಳಿದ ಯಾವುದೂ ಈವರೆಗೆ ನೆಟ್ಟಗೆ ಉಳಿದದ್ದಿಲ್ಲ. ನಾದಿನಿಯ ಹೊಸ ಗ್ರೈಂಡರನ್ನು ನೋಡಿ "ಎಷ್ಟು ಚೆಂದ ತಿರುಗ್ತದೆ" ಎಂದೆ. ಉದ್ದು ಅರ್ಧ ಅರೆಯುವಷ್ಟರಲ್ಲಿ ಅದು ಹೊಗೆ ಬಿಟ್ಟು ನಿಂತಿತು. ಪಕ್ಕದ ಮನೆಯವರ ದನದ ಹಾಲನ್ನು ಹೊಗಳಿ, ಅದು ಬತ್ತಿಹೋದ ಮೇಲಂತೂ, ನಾನು ಗೇಟಿನ ಹತ್ತಿರ ಕಂಡರೆ ಸಾಕು, ಅವರು ದನವನ್ನು ಹಟ್ಟಿಯೊಳಗೆ ಎಳೆದುಕೊಂಡು ಹೋಗುತ್ತಿದ್ದರು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೂ ಇಷ್ಟು ಕಲಿತಿದ್ದೇನೆ: ಯಾವುದರ ಮೇಲೆ ಪ್ರೀತಿ ಉಂಟೋ ಅದನ್ನು ಬೈಯಬೇಕು, ಆಗ ಯಾರ ಕಣ್ಣೂ ತಾಗುವುದಿಲ್ಲ.

ಬಹರೈನಿಗೆ ಬಂದು, ಏಳು ವರ್ಷದ ಮೊಮ್ಮಗಳು ದೀಪ್ತಿಯನ್ನು ಮೊದಲ ಸಲ ಕಂಡಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಏರ್‌ಪೋರ್ಟಿನಲ್ಲೇ ಅಪ್ಪಿ ಹಿಡಿದು, "ಅಯ್ಯೋ, ಇದೆಂಥ ಕಪ್ಪೆ ಮೂತಿ!" ಎಂದೆ. ಮಾಹೂಝ್ ಎಂಬಲ್ಲಿದ್ದ ಮಗನ ಫ್ಲ್ಯಾಟಿಗೆ ಬಂದ ಮೇಲೂ ಅವಳ ಡ್ರಾಯಿಂಗಿಗೆ, ಜಡೆಗೆ, ಡ್ಯಾನ್ಸಿಗೆ ನನ್ನದು ಒಂದೇ ಮಾತು: "ಥೂ, ಏನೂ ಚೆಂದ ಇಲ್ಲ." ಹುಡುಗಿ ನಗುತ್ತಿರಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆ.

ಮನಾಮದ ಹಳೇ ಥಿಯೇಟರಿಗೆ ಮೊರೊಕ್ಕೋದ ಸರ್ಕಸ್ಸಿನವರು ಬಂದಾಗ, ಅಜ್ಜಿಗೆ ತೋರಿಸಲೇಬೇಕು ಎಂದು ಹಟ ಹಿಡಿದವಳು ಅವಳೇ. ಪಕ್ಕದಲ್ಲಿ ಕೂತು ಸ್ಟೇಜನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಸ್ಟೇಜಿನಲ್ಲೋ, ಒಬ್ಬ ದಾಂಡಿಗ ಕಾಲು ಅಗಲಿಸಿ ನಿಂತ. ಅವನ ಭುಜಕ್ಕೆ ಇಬ್ಬರು ಹತ್ತಿದರು, ಸೊಂಟಕ್ಕೆ ಇಬ್ಬರು ಜೋತುಬಿದ್ದರು, ತಲೆಯ ಮೇಲೆ ಮತ್ತೊಬ್ಬ. ಥೇಟು ಕಾಯಿ ಬಿಟ್ಟ ಹಲಸಿನ ಮರ! ಹೊಗಳಿಕೆ ನನ್ನ ಗಂಟಲಿನ ತನಕ ಉಕ್ಕಿ ಬಂತು. ಹೊರಗೆ ಬಿಟ್ಟರೆ ಅಷ್ಟೂ ಜನ ಕೆಳಗೆ! ಸೆರಗನ್ನು ಬಾಯಿಗೆ ತುರುಕಿಕೊಂಡೆ. ಆಗಲೇ ದೀಪ್ತಿ, "ಅಜ್ಜಿ, ಹೇಗುಂಟು?" ಎಂದಳು. ಸೆರಗು ತೆಗೆದು ಕಿರುಚಿದೆ: "ಥೂ! ಏನೂ ಚೆಂದ ಇಲ್ಲ! ಇದೂ ಒಂದು ಆಟವಾ?"

ಮುಂದಿನ ಸಾಲಿನಲ್ಲಿದ್ದ ಮಂಗಳೂರಿನ ಹೆಂಗಸು ತಿರುಗಿ, "ಇಷ್ಟ ಇಲ್ಲದಿದ್ರೆ ಮನೆಯಲ್ಲೇ ಕೂತ್ಕೊಳ್ಬೇಕಿತ್ತು ಮಾರಾಯ್ರೆ" ಎಂದರು. "ನಾನು ಅವರ ಜೀವ ಉಳಿಸ್ತಾ ಇದ್ದೇನೆ, ನೀವು ಆಚೆ ನೋಡಿ" ಎಂದೆ. ಮಗ ನನ್ನ ಪರಿಚಯವೇ ಇಲ್ಲದವನಂತೆ ಮುಖ ತಿರುಗಿಸಿದ. ಅಷ್ಟರಲ್ಲಿ ದೀಪ್ತಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಅಜ್ಜಿಗೆ ಏನೂ ಇಷ್ಟ ಇಲ್ಲ. ನಾನೂ ಇಷ್ಟ ಇಲ್ಲ."

ಸರ್ಕಸ್ಸಿನವರು ಗಟ್ಟಿಯಾಗಿಯೇ ನಿಂತಿದ್ದರು. ಧೊಪ್ಪನೆ ಬಿದ್ದದ್ದು ನಾನು. ಅವಳನ್ನು ಮಡಿಲಿಗೆ ಎಳೆದುಕೊಂಡು ಗ್ರೈಂಡರಿನ ಕಥೆ, ದನದ ಕಥೆ ಎಲ್ಲ ಕಿವಿಯಲ್ಲಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಹಾಗಾದ್ರೆ ಕಪ್ಪೆ ಮೂತಿ ಅಂದ್ರೆ?" ಎಂದಳು. "ಅದರ ಅರ್ಥ ಬಾಯಿ ಬಿಟ್ಟು ಹೇಳ್ಲಿಕ್ಕಿಲ್ಲ" ಎಂದೆ. ಅವಳು ಎದ್ದು ನಿಂತು, ಸ್ಟೇಜಿನ ಕಡೆಗೆ "ಥೂ!" ಎಂದು ಕೂಗಿ ಚಪ್ಪಾಳೆ ಹೊಡೆದಳು.

ಮರುದಿನ ಬೆಳಿಗ್ಗೆ ನಾನು ಮಾಡಿದ ನೀರುದೋಸೆಯನ್ನು ಒಂದರ ಹಿಂದೊಂದು ತಿನ್ನುತ್ತಾ, ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: "ಅಜ್ಜಿ, ದೋಸೆ ಏನೂ ರುಚಿ ಇಲ್ಲ. ನೀವಂತೂ ಏನೇನೂ ಚೆಂದ ಇಲ್ಲ." ಈ ವಯಸ್ಸಿನಲ್ಲಿ ಅಷ್ಟೊಂದು ಹೊಗಳಿಕೆ ತಡೆದುಕೊಳ್ಳುವುದು ಸುಲಭವೇ? ಯಾರಿಗೂ ಕಾಣದ ಹಾಗೆ ಅಡುಗೆಮನೆಗೆ ಹೋಗಿ, ಉಪ್ಪು ಮೆಣಸು ಹಿಡಿದು, ನನಗೆ ನಾನೇ ದೃಷ್ಟಿ ತೆಗೆದುಕೊಂಡೆ.